ದಾದಿಯರ ಪರವಾನಗಿ ಪರೀಕ್ಷೆ: ನೆನಪು ಮತ್ತು ವಿವೇಕ

ಕಳೆದ ಎರಡು ತಿಂಗಳಿಂದ ನಮ್ಮ ಇಗರ್ಜಿಯ ಸಭಾಭವನದ ಮೂಲೆಯ ಕೋಣೆಯಲ್ಲಿ ಸಂಜೆಯ ಗಂಟೆ ಬಾರಿಸಿದ ಬಳಿಕವೂ ದೀಪ ಉರಿಯುತ್ತಿರುತ್ತದೆ. ನಮ್ಮ ವಾಳೆಗಳ ಐವರು ಯುವತಿಯರೂ ಓರ್ವ ಯುವಕನೂ ಅಲ್ಲಿ ಕುಳಿತು ಓದುತ್ತಿದ್ದಾರೆ. ಎಲ್ಲರೂ ದಾದಿಯರ ವೃತ್ತಿಯಲ್ಲಿರುವವರು. ಹಗಲು ಪಾಳಿ ಮುಗಿಸಿ ಬಸ್ಸಿಳಿದು ನೇರವಾಗಿ ಇಲ್ಲಿಗೆ ಬರುವವರು. ಒಬ್ಬಾಕೆ ಕೇಳುತ್ತಾಳೆ, ಉಳಿದವರು ಉತ್ತರಿಸುತ್ತಾರೆ. "ಪೊಟ್ಯಾಸಿಯಂ?" "ಮೂರೂವರೆಯಿಂದ ಐದು." "ಸೋಡಿಯಂ?" "ನೂರ ಮೂವತ್ತೈದರಿಂದ ನೂರ ನಲವತ್ತೈದು." "ಹೆಪಾರಿನ್ ಹೆಚ್ಚಾದರೆ?" "ಪ್ರೊಟಮಿನ್ ಸಲ್ಫೇಟ್." "ವಾರ್ಫರಿನ್ ಹೆಚ್ಚಾದರೆ?" "ವಿಟಮಿನ್ ಕೆ." ಅಂಗಳದಲ್ಲಿ ಅಡ್ಡಾಡುತ್ತಾ ಇದನ್ನು ಆಲಿಸುವ ನಮಗೆ, ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕುಳಿತು ಪ್ರಶ್ನೋತ್ತರ ಒಪ್ಪಿಸುತ್ತಿದ್ದ ದಿನಗಳು ನೆನಪಿಗೆ ಬರುತ್ತವೆ. ಕಂಠಪಾಠದ ಬೆಲೆಯನ್ನೂ ಅದರ ಮಿತಿಯನ್ನೂ ನಾವು ಅಲ್ಲಿಯೇ ಕಲಿತವರು.

ಇವರಲ್ಲಿ ಒಬ್ಬಳ ತಂದೆ ಮೊನ್ನೆ ಭಾನುವಾರ ಪೂಜೆಯ ಬಳಿಕ ನಮ್ಮನ್ನು ಕಂಡು, "ಫಾದರ್, ನಾಲ್ಕು ವರ್ಷ ಓದಿಸಿದ್ದೇನೆ. ಪರೀಕ್ಷೆಯಲ್ಲೆಲ್ಲ ಪಾಸಾಗಿದ್ದಾಳೆ. ಈಗ ಪುನಃ ಇದೊಂದು ಪರೀಕ್ಷೆಗೆಂದು ಹೆಂಡತಿಯ ಬಳೆ ಬ್ಯಾಂಕಿನಲ್ಲಿಟ್ಟಿದ್ದೇನೆ. ಇಷ್ಟು ಅಂಕೆ ಬಾಯಿಪಾಠ ಮಾಡಿದರೆ ಮಾತ್ರ ನರ್ಸ್ ಆಗುವುದೋ?" ಎಂದು ಕೇಳಿದರು. ಪ್ರಶ್ನೆ ಸರಳವಾಗಿ ತೋರಿದರೂ ಉತ್ತರ ಅಷ್ಟು ಸರಳವಾಗಿಲ್ಲ. ಕರಾವಳಿಯ ನೂರಾರು ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಇರುವುದರಿಂದ ಈ ವಾರದ ಅಂಕಣವನ್ನು ಇದಕ್ಕಾಗಿಯೇ ಮೀಸಲಿಡುತ್ತಿದ್ದೇವೆ.

ಪರೀಕ್ಷೆಯ ಸ್ವರೂಪ

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯದ ಅಥವಾ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ವೃತ್ತಿ ಆರಂಭಿಸುವುದು ರೂಢಿ. ಪರದೇಶಗಳ ಕ್ರಮ ಬೇರೆ. ದುಬೈಗೆ ಹೋಗುವವರಿಗೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರೀಕ್ಷೆ, ಸೌದಿಗೆ ನಮ್ಮವರ ಬಾಯಲ್ಲಿ 'ಪ್ರೊಮೆಟ್ರಿಕ್' ಎಂದೇ ಹೆಸರಾದ ಪರೀಕ್ಷೆ, ಬ್ರಿಟನ್ನಿಗೆ ಕಂಪ್ಯೂಟರಿನಲ್ಲೊಂದು ಮತ್ತು ಪರೀಕ್ಷಕರ ಎದುರು ಕೈಕೆಲಸ ತೋರಿಸುವ ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿರುವುದು ಅಮೆರಿಕದ 'ಎನ್‌ಕ್ಲೆಕ್ಸ್'. 1982ರಲ್ಲಿ ಆ ಹೆಸರಿನಿಂದ ಆರಂಭವಾದ ಈ ಪರೀಕ್ಷೆ 1994ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಕೆನಡಾ 2015ರಲ್ಲಿ ಇದನ್ನು ಅಂಗೀಕರಿಸಿತು. ಆಸ್ಟ್ರೇಲಿಯಾ 2020ರಿಂದ ವಿದೇಶಗಳಲ್ಲಿ ಕಲಿತ ಅನೇಕ ದಾದಿಯರಿಗೆ ಇದನ್ನೇ ವಿಧಿಸುತ್ತಿದೆ. ಬೆಂಗಳೂರಿನಲ್ಲಿಯೇ ಪರೀಕ್ಷಾಕೇಂದ್ರವಿರುವುದರಿಂದ ನಮ್ಮವರು ರಾತ್ರಿಯ ಬಸ್ಸು ಹಿಡಿದು ಹೋಗಿ ಬರೆದು ಬರುತ್ತಾರೆ.

ಈ ಪರೀಕ್ಷೆಯ ನಡೆ ನಮ್ಮ ಶಾಲಾ ಪರೀಕ್ಷೆಗಳ ಹಾಗಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ಅಭ್ಯರ್ಥಿ ಸರಿಯಾಗಿ ಉತ್ತರಿಸಿದಂತೆ ಕಂಪ್ಯೂಟರು ಹೆಚ್ಚು ಕಠಿಣವಾದ ಪ್ರಶ್ನೆಯನ್ನು ಮುಂದಿಡುತ್ತದೆ. ತಪ್ಪಿದಂತೆ ಸುಲಭದ್ದನ್ನು ಆರಿಸುತ್ತದೆ. ಆಕೆಯ ಸಾಮರ್ಥ್ಯ ನಿಗದಿತ ಮಟ್ಟಕ್ಕಿಂತ ಮೇಲಿದೆಯೇ ಕೆಳಗಿದೆಯೇ ಎಂಬುದು ಶೇಕಡಾ 95ರಷ್ಟು ಖಚಿತವಾದಾಗ ಯಂತ್ರ ಪರೀಕ್ಷೆಯನ್ನು ನಿಲ್ಲಿಸುತ್ತದೆ. ಕನಿಷ್ಠ 85 ಪ್ರಶ್ನೆಗಳು, ಗರಿಷ್ಠ 150. ಸಮಯ 5 ಗಂಟೆ. "ಎಂಬತ್ತೈದಕ್ಕೇ ನಿಂತಿತು, ಹಾಗಾದರೆ ಪಾಸು" ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಇದಕ್ಕೆ ಆಧಾರವಿಲ್ಲ. ತೀರಾ ಚೆನ್ನಾಗಿ ಬರೆದವಳಿಗೂ ತೀರಾ ಹಿಂದುಳಿದವಳಿಗೂ ಯಂತ್ರ ಅದೇ ಸಂಖ್ಯೆಯಲ್ಲಿ ನಿಲ್ಲಬಹುದು.

2023ರ ಏಪ್ರಿಲ್ 1ರಿಂದ ಪರೀಕ್ಷೆಯ ರೂಪದಲ್ಲಿ ಮಹತ್ತರ ಬದಲಾವಣೆಯಾಗಿದೆ. ಈಗ ಪ್ರತಿಯೊಬ್ಬರಿಗೂ ಮೂರು ರೋಗಿಗಳ ಕಥೆಗಳನ್ನು ಕೊಟ್ಟು, ಒಂದೊಂದರ ಮೇಲೆ ಆರಾರು ಪ್ರಶ್ನೆಗಳನ್ನು ಕೇಳುತ್ತಾರೆ. ಲಕ್ಷಣವನ್ನು ಗುರುತಿಸುವುದು, ಅದರ ಅರ್ಥವನ್ನು ವಿಶ್ಲೇಷಿಸುವುದು, ಯಾವುದು ಹೆಚ್ಚು ಅಪಾಯವೆಂದು ತೂಗುವುದು, ಪರಿಹಾರವನ್ನು ಯೋಚಿಸುವುದು, ಕಾರ್ಯಕ್ಕಿಳಿಯುವುದು, ಫಲವನ್ನು ಪರಿಶೀಲಿಸುವುದು ಎಂಬ ಆರು ಹಂತಗಳನ್ನು ಆ ಪ್ರಶ್ನೆಗಳು ಕ್ರಮವಾಗಿ ಅನುಸರಿಸುತ್ತವೆ. ಅರ್ಧ ಸರಿಯಾದ ಉತ್ತರಕ್ಕೆ ಅರ್ಧ ಅಂಕವೂ ಉಂಟು. ಬರಿಯ ಅಂಕೆಗಳನ್ನು ಕೇಳುವ ಕಾಲ ಹೋಗಿದೆ ಎಂದು ಇದರಿಂದ ತಿಳಿಯಬೇಕು. ಆದರೆ ಅಂಕೆಗಳು ಬೇಡವೆಂದು ಯಾರಾದರೂ ತಿಳಿದರೆ ಅದು ಇನ್ನೂ ದೊಡ್ಡ ತಪ್ಪಾದೀತು.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದಲ್ಲಿಯೇ ಕಲಿತವರು ಮೊದಲ ಯತ್ನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉತ್ತೀರ್ಣರಾದರೆ, ಹೊರದೇಶಗಳಲ್ಲಿ ಕಲಿತವರಲ್ಲಿ ಸುಮಾರು ಅರ್ಧದಷ್ಟು ಮಂದಿಯೇ ಗೆದ್ದಿದ್ದಾರೆ. ನಮ್ಮ ಹುಡುಗಿಯರ ಬುದ್ಧಿ ಕಡಿಮೆಯೆಂದು ಇದರ ಅರ್ಥವಲ್ಲ. ಈ ಕೋಣೆಯಲ್ಲಿ ಕೇಳಿಬಂದ ಒಂದು ಚರ್ಚೆ ಕಾರಣವನ್ನು ತಿಳಿಸುತ್ತದೆ. ರೋಗಿಗೆ ರಕ್ತ ಕೊಡಲು ತೊಡಗಿ ಹತ್ತು ನಿಮಿಷವಾಗಿದೆ. ಆತನಿಗೆ ಚಳಿ, ನಡುಕ, ಸೊಂಟನೋವು ಬರುತ್ತದೆ. ದಾದಿ ಮೊದಲು ಮಾಡಬೇಕಾದದ್ದೇನು? ನಮ್ಮ ಹುಡುಗಿಯರಲ್ಲಿ ಮೂವರು "ಡಾಕ್ಟರರನ್ನು ಕರೆಯಬೇಕು" ಎಂದರು. ಸರಿಯುತ್ತರ, ಮೊದಲು ರಕ್ತವನ್ನು ನಿಲ್ಲಿಸಬೇಕು. ಹೊಸ ನಳಿಕೆ ಜೋಡಿಸಿ ಸಲೈನ್ ಹರಿಸಿ ನಾಳವನ್ನು ತೆರೆದಿಡಬೇಕು. ಬಳಿಕ ವೈದ್ಯರಿಗೆ ತಿಳಿಸಬೇಕು. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ದಾದಿ ಆಜ್ಞೆಗಾಗಿ ಕಾಯಲು ಕಲಿತಿದ್ದಾಳೆ. ಆ ಪರೀಕ್ಷೆ ಆಕೆಯನ್ನು ತನ್ನ ಅಧಿಕಾರದ ಮಿತಿಯೊಳಗೆ ತಾನೇ ನಿರ್ಧರಿಸಬಲ್ಲ ವ್ಯಕ್ತಿಯೆಂದು ಭಾವಿಸಿ ಪ್ರಶ್ನಿಸುತ್ತದೆ. ಹಾಗೆಯೇ ಇಲ್ಲಿ ರೋಗಿಯ ಮನೆಯವರೂ ಆಯಾಗಳೂ ಮಾಡುವ ಎಷ್ಟೋ ಕೆಲಸಗಳ ಬಗ್ಗೆ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ: ರೋಗಿಯ ಸ್ಥಿತಿಯನ್ನು ಅಳೆಯುವುದು, ರೋಗಿಗೆ ತಿಳಿಹೇಳುವುದು, ಚಿಕಿತ್ಸೆಯ ಫಲವನ್ನು ನಿರ್ಣಯಿಸುವುದು ಇವನ್ನು ಪರವಾನಗಿಯಿಲ್ಲದ ಸಹಾಯಕರಿಗೆ ವಹಿಸಕೂಡದು. ಹೊಣೆಗಾರಿಕೆಯ ಬೇರೊಂದು ಕಲ್ಪನೆಯನ್ನೇ ನಮ್ಮ ಹುಡುಗಿಯರು ಎರಡು ತಿಂಗಳಲ್ಲಿ ಕಲಿಯಬೇಕಾಗಿದೆ.

ಒಂದು ನಿಮಿಷದ ಎಣಿಕೆ

ಅಂಕೆಗಳ ಬೆಲೆಯೇನೆಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ತಾಯಿಯವರು ಕೊನೆಯ ವರ್ಷಗಳಲ್ಲಿ ಹೃದಯದ ದುರ್ಬಲತೆಯಿಂದ ಬಳಲುತ್ತಿದ್ದರು. ಡಿಗಾಕ್ಸಿನ್ ಎಂಬ ಮಾತ್ರೆಯೂ, ಮೈಯ ನೀರಿಳಿಸುವ ಇನ್ನೊಂದು ಮಾತ್ರೆಯೂ ದಿನನಿತ್ಯ ನಡೆಯುತ್ತಿದ್ದವು. ಒಮ್ಮೆ ಆಸ್ಪತ್ರೆಯಲ್ಲಿದ್ದಾಗ ಅವರು ಊಟ ಬೇಡವೆನ್ನತೊಡಗಿದರು. ದೀಪದ ಸುತ್ತ ಹಳದಿ ಬಣ್ಣ ಕಾಣುತ್ತದೆಂದು ಎರಡು ಸಲ ಹೇಳಿದರು. ವಯಸ್ಸಾದವರ ಮಾತೆಂದು ನಾವು ನಕ್ಕು ಸುಮ್ಮನಾದೆವು; ತತ್ತ್ವಶಾಸ್ತ್ರ ಓದಿದವರಿಗೆ ತಾಯಿಯ ಮಾತನ್ನು ಕಿವಿಗೊಟ್ಟು ಕೇಳಲು ಬಾರದಿದ್ದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮರುದಿನ ಬೆಳಿಗ್ಗೆ ಮಾತ್ರೆ ತಂದ ದಾದಿ ಕೆಲಸಕ್ಕೆ ಸೇರಿ ವರ್ಷವಾಗಿರದ ಹುಡುಗಿ. "ಅಮ್ಮಾ, ನಿನ್ನೆ ಊಟ ಮಾಡಲಿಲ್ಲವಂತೆ?" ಎಂದು ಕೇಳಿದಳು. ತಾಯಿಯವರು ಹಳದಿ ದೀಪದ ಮಾತನ್ನು ಆಕೆಗೂ ಹೇಳಿದರು. ಅವಳು ನಗಲಿಲ್ಲ. ಸ್ಟೆತಾಸ್ಕೋಪನ್ನು ಎದೆಯ ಮೇಲಿಟ್ಟು, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ಎಣಿಸಿದಳು. ನಲವತ್ತೆಂಟು. ಮಾತ್ರೆಯನ್ನು ತಟ್ಟೆಯಲ್ಲೇ ಹಿಂದಕ್ಕಿಟ್ಟು ವೈದ್ಯರನ್ನು ಕರೆಸಿದಳು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಮೂರಕ್ಕಿಂತ ಕೆಳಗಿಳಿದಿತ್ತು. ನೀರಿಳಿಸುವ ಔಷಧಿ ಪೊಟ್ಯಾಸಿಯಮನ್ನು ಹೊರಹಾಕುತ್ತದೆ; ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ವಿಷವಾಗಿ ಪರಿಣಮಿಸುತ್ತದೆ; ಹಸಿವಿಲ್ಲದಿರುವುದು, ಓಕರಿಕೆ, ಹಳದಿ ನೋಟ ಆ ವಿಷದ ಲಕ್ಷಣಗಳು. ವಯಸ್ಕರ ಹೃದಯಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ ಆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸಬೇಕೆಂಬುದು ನಿಯಮ. ಈ ಕೋಣೆಯಲ್ಲಿ ಓದುತ್ತಿರುವವರ ನೋಟ್‌ಬುಕ್ಕಿನಲ್ಲಿ ಇದು ಒಂದೇ ಸಾಲು. ಆ ಒಂದು ಸಾಲಿನಿಂದ ನಮ್ಮ ತಾಯಿ ಇನ್ನೂ ಮೂರು ವರ್ಷ ಬದುಕಿದರು.

ಇಂಥ ಸಾಲುಗಳು ಇನ್ನೂ ಇವೆ. ಪೊಟ್ಯಾಸಿಯಂ ಕ್ಲೋರೈಡನ್ನು ಎಂದೂ ನೇರವಾಗಿ ರಕ್ತನಾಳಕ್ಕೆ ಚುಚ್ಚಕೂಡದು; ಹೃದಯ ನಿಂತುಹೋದೀತು. ಬಸುರಿಯ ನಂಜಿನ ಸೆಳವು ತಡೆಯಲು ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುವಾಗ ಮೊಣಕಾಲಿನ ಪ್ರತಿಕ್ರಿಯೆ, ಉಸಿರಾಟ, ಮೂತ್ರದ ಪ್ರಮಾಣ ಮೂರನ್ನೂ ನೋಡುತ್ತಿರಬೇಕು. ಮೊಣಕಾಲು ಸ್ಪಂದಿಸದಿದ್ದರೆ, ಉಸಿರು ನಿಮಿಷಕ್ಕೆ 12ಕ್ಕಿಂತ ಇಳಿದರೆ, ಔಷಧಿ ನಿಲ್ಲಿಸಿ ಕ್ಯಾಲ್ಸಿಯಂ ಗ್ಲೂಕೊನೇಟ್ ಸಿದ್ಧವಿರಬೇಕು. ಕ್ಷಯ, ದಡಾರ, ಸಿಡುಬಿನಂತೆ ಏಳುವ ಚಿಕನ್‌ಪಾಕ್ಸ್ ಗಾಳಿಯಲ್ಲಿ ಹರಡುವವು. ಆ ಕೋಣೆಗೆ ಹೋಗುವವರಿಗೆ ಎನ್-95 ಮುಖಗವುಸು ಬೇಕು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಭೇದಿಯ ರೋಗಾಣುವಿನ ಬೀಜಕಗಳು ಮದ್ಯಸಾರದ ದ್ರವದಿಂದ ಸಾಯುವುದಿಲ್ಲ. ಸೋಪು ನೀರಿನಿಂದ ಕೈ ತೊಳೆಯಬೇಕು. ಸಕ್ಕರೆ ಕುಸಿದ ರೋಗಿಗೆ ಎಚ್ಚರವಿದ್ದರೆ 15 ಗ್ರಾಂ ಸಿಹಿ, 15 ನಿಮಿಷದ ಬಳಿಕ ಮರುಪರೀಕ್ಷೆ. ಇವು ಯಾವುವೂ ತರ್ಕದಿಂದ ಆ ಕ್ಷಣದಲ್ಲಿ ಹೊಳೆಯುವ ಸಂಗತಿಗಳಲ್ಲ. ರಾತ್ರಿ ಮೂರು ಗಂಟೆಗೆ, ಪುಸ್ತಕ ತೆರೆಯಲು ಹೊತ್ತಿಲ್ಲದಾಗ, ಇವು ನಾಲಿಗೆಯ ತುದಿಯಲ್ಲಿರಬೇಕು.

ಸೆಮಿನರಿಯಲ್ಲಿ ಓದಿದ ಒಂದು ಮಾತು ಇಲ್ಲಿ ಪ್ರಸ್ತುತ. ವಿವೇಕವೆಂಬ ಗುಣಕ್ಕೆ ಎಂಟು ಅಂಗಗಳಿವೆಯೆಂದು ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಎಣಿಸುತ್ತಾರೆ. ಅವುಗಳಲ್ಲಿ ಮೊದಲನೆಯದು ನೆನಪು. ವಿವೇಕಿಯೆಂದರೆ ಆಲೋಚಿಸುವವನು ಎಂದಷ್ಟೇ ನಾವು ತಿಳಿಯುತ್ತೇವೆ; ಆಲೋಚಿಸಲು ಸಾಮಗ್ರಿ ಬೇಕು, ಆ ಸಾಮಗ್ರಿ ನೆನಪಿನಿಂದ ಬರಬೇಕು ಎಂಬುದು ಅವರ ಅಭಿಪ್ರಾಯ. ಕಲಿಯುವ ವಿಧೇಯತೆ, ಮುಂದಾಲೋಚನೆ, ಸುತ್ತಮುತ್ತಲ ಪರಿಸ್ಥಿತಿಯ ಅರಿವು, ಎಚ್ಚರಿಕೆ ಇವೂ ಅದೇ ಪಟ್ಟಿಯಲ್ಲಿವೆ. 2023ರ ಪರೀಕ್ಷೆಯ ಆರು ಹಂತಗಳನ್ನು ಓದಿದಾಗ ಹದಿಮೂರನೆಯ ಶತಮಾನದ ಆ ಪಟ್ಟಿಯೇ ನಮಗೆ ನೆನಪಾಯಿತು. ಅರಿಸ್ಟಾಟಲನು ಇನ್ನೊಂದು ಎಚ್ಚರಿಕೆ ಕೊಡುತ್ತಾನೆ: ಎಳೆಯರು ಗಣಿತದಲ್ಲಿ ಪಾರಂಗತರಾಗಬಹುದು, ವಿವೇಕದಲ್ಲಿ ಆಗಲಾರರು, ಏಕೆಂದರೆ ವಿವೇಕ ಒಂದೊಂದು ಪ್ರತ್ಯೇಕ ಸಂದರ್ಭಕ್ಕೆ ಸಂಬಂಧಿಸಿದ್ದು, ಅದು ಅನುಭವದಿಂದಲೇ ಬರತಕ್ಕದ್ದು. ಪರೀಕ್ಷೆಗೆ ಓದುವ ಇಪ್ಪತ್ತಮೂರರ ಹುಡುಗಿ ಈ ಎರಡು ಮಾತುಗಳ ನಡುವೆ ನಿಂತಿದ್ದಾಳೆ.

ಹಳೆಯದೊಂದು ವಿವಾದ

ಪರೀಕ್ಷೆಯಿಂದ ದಾದಿಯನ್ನು ಅಳೆಯಬಹುದೇ ಎಂಬ ವಿವಾದ ಹೊಸತಲ್ಲ. ಆಧುನಿಕ ಶುಶ್ರೂಷೆಯ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆಯನ್ನು ಸ್ಥಾಪಿಸಿದವರು. ಅವರೇ ದಾದಿಯರ ಸರಕಾರಿ ನೋಂದಣಿಯನ್ನು ಬಲವಾಗಿ ವಿರೋಧಿಸಿದರೆಂಬುದು ಅನೇಕರಿಗೆ ತಿಳಿಯದು. ಪರೀಕ್ಷೆ ಜ್ಞಾನವನ್ನು ಅಳೆದೀತು, ಶೀಲವನ್ನು ಅಳೆಯದು ಎಂಬುದು ಅವರ ವಾದದ ತಿರುಳು. ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಮುಂತಾದವರು ಎದುರು ವಾದ ಹೂಡಿದರು: ನೋಂದಣಿಯಿಲ್ಲದಿದ್ದರೆ ತರಬೇತಿ ಪಡೆದವಳು ಯಾರು, ಬರಿಯ ಬಿಳಿಯ ಏಪ್ರನ್ ತೊಟ್ಟವಳು ಯಾರು ಎಂದು ಸಾಮಾನ್ಯ ಜನ ತಿಳಿಯುವುದು ಹೇಗೆ? ನ್ಯೂಜಿಲೆಂಡ್ 1901ರಲ್ಲಿ, ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯ 1903ರಲ್ಲಿ, ಬ್ರಿಟನ್ 1919ರಲ್ಲಿ ನೋಂದಣಿ ಕಾಯ್ದೆಯನ್ನು ತಂದವು. ನಮ್ಮಲ್ಲಿ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ 1947ರಲ್ಲಿ ಬಂತು. ಅದರ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಇತಿಹಾಸ ಫೆನ್‌ವಿಕ್ ಅವರ ಪಕ್ಷವನ್ನು ಎತ್ತಿಹಿಡಿದಿದೆ. ಆದರೆ ನೈಟಿಂಗೇಲರ ಆಕ್ಷೇಪಕ್ಕೆ ಇಂದಿಗೂ ಪೂರ್ಣ ಉತ್ತರ ಸಿಕ್ಕಿಲ್ಲ. ಇತ್ತೀಚಿನ ಎರಡು ಘಟನೆಗಳು ಇದಕ್ಕೆ ಸಾಕ್ಷಿ.

ಮೊದಲನೆಯದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ್ದು. 2017ರ ಡಿಸೆಂಬರಿನಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅನುಭವಿ ದಾದಿಯೊಬ್ಬಳು, 75 ವರ್ಷದ ರೋಗಿಗೆ ಸ್ಕ್ಯಾನಿಂಗ್ ವೇಳೆ ಭಯ ತಗ್ಗಿಸುವ ಔಷಧಿಯನ್ನು ತೆಗೆಯಲು ಯಂತ್ರದ ಕಪಾಟಿನಲ್ಲಿ ಹೆಸರಿನ ಮೊದಲೆರಡು ಅಕ್ಷರಗಳನ್ನು ಒತ್ತಿದಳು. ಸಿಗದಿದ್ದಾಗ ಯಂತ್ರದ ತಡೆಯನ್ನು ಮೀರಿ, ಅದೇ ಅಕ್ಷರಗಳಿಂದ ಆರಂಭವಾಗುವ ವೆಕ್ಯುರೋನಿಯಂ ಎಂಬ ಔಷಧಿಯನ್ನು ತೆಗೆದುಕೊಂಡಳು. ಅದು ಮೈಯ ಎಲ್ಲ ಸ್ನಾಯುಗಳನ್ನು, ಉಸಿರಾಟದ ಸ್ನಾಯುಗಳನ್ನೂ ಸೇರಿಸಿ, ನಿಶ್ಚಲಗೊಳಿಸುವಂಥದ್ದು. ಬೇಕಾಗಿದ್ದ ಔಷಧಿ ದ್ರವರೂಪದ್ದು. ಇದು ನೀರಿನಲ್ಲಿ ಕಲಸಬೇಕಾದ ಪುಡಿ. ಸೀಸೆಯ ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು. ರೋಗಿ ಮೃತಪಟ್ಟರು. 2022ರ ಮಾರ್ಚಿನಲ್ಲಿ ನ್ಯಾಯಮಂಡಳಿ ಆಕೆಯನ್ನು ಅಪರಾಧಿಯೆಂದು ಘೋಷಿಸಿತು; ಮೇ ತಿಂಗಳಲ್ಲಿ 3 ವರ್ಷಗಳ ಪ್ರೊಬೇಷನ್ ವಿಧಿಸಲಾಯಿತು. ತಪ್ಪನ್ನು ತಾನೇ ಒಪ್ಪಿಕೊಂಡ ದಾದಿಯನ್ನು ಜೈಲಿನ ಬಾಗಿಲಿಗೆ ನಿಲ್ಲಿಸಿದರೆ ಮುಂದೆ ಯಾರು ತಪ್ಪೊಪ್ಪಿಯಾರು ಎಂದು ಅಮೆರಿಕದ ದಾದಿಯರು ಪ್ರತಿಭಟಿಸಿದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ನಮಗೆ ಇಲ್ಲಿ ಮುಖ್ಯವಾದದ್ದು ಇನ್ನೊಂದು: ಆಕೆಗೆ ಪರವಾನಗಿಯಿತ್ತು. ಆ ಎರಡು ಔಷಧಿಗಳ ವ್ಯತ್ಯಾಸ ಆಕೆಯ ನೆನಪಿನಲ್ಲಿಯೂ ಇದ್ದಿರಲೇಬೇಕು. ಅವಸರದ ಆ ಗಳಿಗೆಯಲ್ಲಿ ನೆನಪು ಕೈಗೆ ಬಂದು ಸೇರಲಿಲ್ಲ.

ಎರಡನೆಯದು ಫ್ಲಾರಿಡಾ ರಾಜ್ಯದ್ದು. 2023ರ ಜನವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆಗಳು ಅಲ್ಲಿನ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ ಸುಮಾರು 7,600 ನಕಲಿ ಪ್ರಮಾಣಪತ್ರಗಳು ಮಾರಾಟವಾಗಿದ್ದ ಜಾಲವನ್ನು ಬಯಲಿಗೆಳೆದವು. ಕಾರ್ಯಾಚರಣೆಗೆ ನೈಟಿಂಗೇಲರ ಹೆಸರನ್ನೇ ಇಟ್ಟದ್ದು ವಿಪರ್ಯಾಸ. ಕೊಂಡವರಲ್ಲಿ ಸುಮಾರು 2,400 ಮಂದಿ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗಿದ್ದರು. ರೋಗಿಯ ಹಾಸಿಗೆಯ ಬಳಿ ನಿಗದಿತ ಗಂಟೆಗಳ ತರಬೇತಿ ಪಡೆಯದವರೂ ಓದಿ ಪಾಸಾಗಬಹುದೆಂದು ಇದರಿಂದ ಸಿದ್ಧವಾಯಿತು. ಅವರಲ್ಲಿ ಹಲವರು ಇತರ ಹುದ್ದೆಗಳಲ್ಲಿ ಆಸ್ಪತ್ರೆಯ ಅನುಭವವಿದ್ದವರಾಗಿರಬಹುದು. ಆದರೂ ಪರೀಕ್ಷೆ ಒಂದು ಬಾಗಿಲು ಮಾತ್ರ, ಬಾಗಿಲಿಗೆ ಬರುವ ದಾರಿಯನ್ನು ಅದು ಕಾಯಲಾರದು ಎಂಬ ಪಾಠ ಉಳಿಯುತ್ತದೆ.

ನಮ್ಮ ಊರಿನ ಹೊಣೆ

ಪಾಠ ಅಮೆರಿಕಕ್ಕಷ್ಟೇ ಸೀಮಿತವೆಂದು ನಾವು ನೆಮ್ಮದಿಯಿಂದ ಕೂರುವಂತಿಲ್ಲ. ಮಂಗಳೂರು, ಬೆಂಗಳೂರುಗಳು ನರ್ಸಿಂಗ್ ಶಿಕ್ಷಣಕ್ಕೆ ದೇಶದಲ್ಲಿಯೇ ಹೆಸರಾದ ನಗರಗಳು. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಮಕ್ಕಳು ಇಲ್ಲಿಗೆ ಬರುತ್ತಾರೆ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡತೊಡಗಿದ ಫಾದರ್ ಅಗಸ್ಟಸ್ ಮುಲ್ಲರರ ಕಾಲದಿಂದ ರೋಗಿಸೇವೆ ನಮ್ಮ ಸಮುದಾಯದ ಹೆಮ್ಮೆಯ ಪರಂಪರೆ. ಆದರೆ ಸಾಕಷ್ಟು ರೋಗಿಗಳೇ ಇಲ್ಲದ ಆಸ್ಪತ್ರೆಗಳಲ್ಲಿ 'ಪ್ರಾಯೋಗಿಕ'ವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡೆವೆಂದು ನಮ್ಮೊಡನೆ ಹೇಳಿಕೊಂಡ ಹುಡುಗಿಯರಿದ್ದಾರೆ. ಯಾವ ಕಾಲೇಜೆಂದು ಬರೆಯುವುದು ನಮ್ಮ ಉದ್ದೇಶವಲ್ಲ. ಅಂಥವಳು ಇಂದು ಕೋಚಿಂಗಿಗೆ ಹಣ ತೆತ್ತು, ಅಂದು ಕಲಿಯಬೇಕಾಗಿದ್ದುದನ್ನು ಈಗ ಕಾಗದದ ಮೇಲೆ ಕಲಿಯುತ್ತಿದ್ದಾಳೆ. ಒಂದೇ ವಿದ್ಯೆಗೆ ತಂದೆ ಎರಡು ಸಲ ಶುಲ್ಕ ಕಟ್ಟುತ್ತಿದ್ದಾರೆ.

ಅವರು ಊರು ಬಿಟ್ಟು ಹೋಗಬಯಸುವುದೇಕೆ ಎಂದೂ ನಾವು ಕೇಳಿಕೊಳ್ಳಬೇಕು. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ 2016ರ ನಿರ್ದೇಶನದಂತೆ ರಚಿತವಾದ ಸಮಿತಿ, 50 ಹಾಸಿಗೆಗಳಿಗಿಂತ ಚಿಕ್ಕ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ, 200 ಹಾಸಿಗೆಗಳಿಗಿಂತ ದೊಡ್ಡ ಆಸ್ಪತ್ರೆಗಳು ಸರಕಾರಿ ವೇತನಕ್ಕೆ ಸಮನಾಗಿ ಕೊಡಬೇಕೆಂದೂ ಶಿಫಾರಸು ಮಾಡಿತು. ಅಂದಿನಿಂದ ಇಂದಿನವರೆಗೆ ಅದಕ್ಕಿಂತ ಕಡಿಮೆ ಪಡೆದು ದುಡಿದ ದಾದಿಯರು ನಮ್ಮ ವಾಳೆಗಳಲ್ಲಿಯೇ ಇದ್ದಾರೆ. ಜಗತ್ತಿನಲ್ಲಿ 2023ರಲ್ಲಿ 2 ಕೋಟಿ 98 ಲಕ್ಷ ದಾದಿಯರಿದ್ದು, ಇನ್ನೂ 58 ಲಕ್ಷ ಮಂದಿಯ ಕೊರತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ತಿಳಿಸಿದೆ. ಬೇಡಿಕೆ ಇಷ್ಟಿರುವಾಗ, ನ್ಯಾಯವಾದ ಕೂಲಿ ಕೊಡದವರು ಹೋಗುವವರನ್ನು ದೂರುವುದು ಸಲ್ಲದು. ನಮ್ಮದೇ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆಂದು ಬರೆಯಲು ನಾವು ಹಿಂಜರಿಯುವುದಿಲ್ಲ.

ಪಾಲಕರಿಗೆ ಒಂದೆರಡು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಅಮೆರಿಕದ ಪರವಾನಗಿಗಾಗಿ ಪರೀಕ್ಷಾ ಶುಲ್ಕ 200 ಡಾಲರ್. ಇಲ್ಲಿಂದ ಬರೆಯುವವರಿಗೆ ಅದರ ಮೇಲೆ 150 ಡಾಲರ್. ಪ್ರಮಾಣಪತ್ರಗಳ ಪರಿಶೀಲನೆ, ಇಂಗ್ಲಿಷ್ ಪರೀಕ್ಷೆ ಇವುಗಳ ಖರ್ಚು ಬೇರೆ. ಅನುತ್ತೀರ್ಣಳಾದವಳು ಕನಿಷ್ಠ 45 ದಿನ ಕಾಯಬೇಕು. ಗೆದ್ದ ಮರುತಿಂಗಳೇ ವಿಮಾನವೆಂದು ಏಜೆಂಟರು ಹೇಳಿದರೆ ನಂಬಬೇಡಿ. ದಾದಿಯರು ಅಮೆರಿಕಕ್ಕೆ ವಲಸೆ ಹೋಗುವ ಉದ್ಯೋಗಾಧಾರಿತ ಮೂರನೆಯ ವರ್ಗದಲ್ಲಿ ಭಾರತೀಯರ ಸರದಿ ಬಹಳ ಉದ್ದದ್ದು. 2025ರಲ್ಲಿ ಅಲ್ಲಿನ ಪ್ರಕಟಣೆಗಳು 2012–13ರ ಅರ್ಜಿಗಳ ಬಳಿ ಬಂದು ನಿಂತಿದ್ದವು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ವ್ಯತ್ಯಾಸವನ್ನು ತಿಳಿದ ಬಳಿಕವೇ ಬಳೆಯನ್ನು ಬ್ಯಾಂಕಿಗೆ ಒಯ್ಯುವುದು ಲೇಸು. "ಪರೀಕ್ಷೆಗೆ ಬಂದ ಪ್ರಶ್ನೆಗಳೇ ನಮ್ಮಲ್ಲಿವೆ" ಎಂದು ಮಾರುವವರೂ ಇದ್ದಾರೆ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಅಭ್ಯರ್ಥಿಗಳೆಲ್ಲರೂ ಒಪ್ಪಿ ಬರೆಯುವ ಪರೀಕ್ಷೆಯಿದು. ಅಂಥ ಸರಕು ಸುಳ್ಳಾದರೆ ಹಣ ಹೋಯಿತು, ನಿಜವಾದರೆ ಕದ್ದದ್ದು. ಮೊದಲ ಹೆಜ್ಜೆಯಲ್ಲೇ ಕದ್ದವಳ ಕೈಗೆ ನಮ್ಮ ತಾಯಂದಿರ ಮಾತ್ರೆಯ ತಟ್ಟೆಯನ್ನು ಹೇಗೆ ಕೊಡೋಣ?

ಕೊನೆಯ ವಾರ

ಇನ್ನು ಓದುತ್ತಿರುವ ಮಕ್ಕಳಿಗೆ ಎರಡು ಮಾತು. ಪರೀಕ್ಷೆಯ ಯೋಜನೆ ಮೂರು ವರ್ಷಗಳಿಗೊಮ್ಮೆ ಪರಿಷ್ಕೃತವಾಗುತ್ತದೆ. ಅಕ್ಕಂದಿರ ಹಳೆಯ ಪುಸ್ತಕಗಳನ್ನು ನೆಚ್ಚುವ ಮುನ್ನ ಯಾವ ವರ್ಷದ್ದೆಂದು ನೋಡಿ. ಕೊನೆಯ ವಾರದಲ್ಲಿ ಹೊಸ ಅಧ್ಯಾಯಗಳನ್ನು ತೆರೆಯಬೇಡಿ. ಒಂದು ಹಾಳೆಯಲ್ಲಿ ತಪ್ಪಿದರೆ ಪ್ರಾಣಕ್ಕೆ ಅಪಾಯವಾಗುವ ಸಂಗತಿಗಳನ್ನಷ್ಟೇ ಬರೆದುಕೊಳ್ಳಿ: ಲವಣಗಳ ಪ್ರಮಾಣ, ಔಷಧಿ ಮತ್ತು ಅದರ ಪ್ರತ್ಯೌಷಧಿ, ಯಾವ ರೋಗಕ್ಕೆ ಯಾವ ಮುಖಗವುಸು, ಉಸಿರಿನ ದಾರಿ ಮೊದಲು, ಉಸಿರಾಟ ಆಮೇಲೆ, ರಕ್ತಸಂಚಾರ ಬಳಿಕ ಎಂಬ ಕ್ರಮ. ಮರೆವು ಮೊದಲ ದಿನಗಳಲ್ಲಿಯೇ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆಂದು ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲಿಯೇ ತೋರಿಸಿದ. ಆದುದರಿಂದ ಒಂದೇ ರಾತ್ರಿ ಹತ್ತು ಸಲ ಓದುವುದಕ್ಕಿಂತ, ದಿನ ಬಿಟ್ಟು ದಿನ ಪುಸ್ತಕ ಮುಚ್ಚಿ ಒಬ್ಬರನ್ನೊಬ್ಬರು ಕೇಳುವುದು ಮೇಲು. ನೀವು ಈ ಕೋಣೆಯಲ್ಲಿ ಮಾಡುತ್ತಿರುವುದು ಅದನ್ನೇ. ಪ್ರತಿಯೊಂದು ಅಂಕೆಯ ಬಳಿಯಲ್ಲಿ ನೀವು ಕಂಡ ಒಬ್ಬ ರೋಗಿಯ ಮುಖವನ್ನು ನೆನೆದುಕೊಳ್ಳಿ. ಅಂಕೆ ಮರೆತರೂ ಮುಖ ಮರೆಯದು, ಮುಖದ ಹಿಂದೆ ಅಂಕೆಯೂ ಬಂದೀತು. ಮುನ್ನಾದಿನ ನಿದ್ದೆಗೆಡಬೇಡಿ. ಕಲಿತದ್ದು ನಿದ್ದೆಯಲ್ಲಿಯೇ ಗಟ್ಟಿಯಾಗುತ್ತದೆ.

ಮನೆಯವರು ಬೆಂಗಳೂರಿನಿಂದ ಮರಳಿದವಳನ್ನು "ಎಷ್ಟಕ್ಕೆ ನಿಂತಿತು?" ಎಂದು ಕೇಳದಿರಲಿ. ಗಂಜಿ ಬಡಿಸಿ ಮಲಗಲು ಬಿಡಲಿ. ಅನುತ್ತೀರ್ಣಳಾದರೆ ಆಕೆ ದಾದಿಯಲ್ಲವೆಂದೇನೂ ಅಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಆಕೆ ಪುನಃ ಪಾಳಿಗೆ ಹೋಗಬೇಕಾದವಳು, ಅಲ್ಲಿ ಯಾರದೋ ತಾಯಿ ಆಕೆಗಾಗಿ ಕಾಯುತ್ತಿರುತ್ತಾರೆ.

ಬಳೆ ಅಡವಿಟ್ಟ ತಂದೆಯ ಮಗಳನ್ನು ನಿನ್ನೆ ಸಂಜೆ ನಾವು ಪರೀಕ್ಷಿಸಿ ನೋಡಿದೆವು. "ಡಿಗಾಕ್ಸಿನ್ ಕೊಡುವ ಮುನ್ನ ಏನು ಮಾಡುತ್ತೀ?" ಎಂದು ಕೇಳಿದೆವು. "ಎದೆಬಡಿತ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಫಾದರ್. ಅರವತ್ತಕ್ಕಿಂತ ಕಡಿಮೆಯಿದ್ದರೆ ಕೊಡುವುದಿಲ್ಲ" ಎಂದಳು. ಉತ್ತರ ಸರಿಯಾಗಿತ್ತು. ನಾವು ಹೊರಡುವಷ್ಟರಲ್ಲಿ ಅವಳೇ ಮುಂದುವರಿಸಿದಳು: "ಅದಕ್ಕೂ ಮೊದಲು ಊಟ ರುಚಿಸುತ್ತದೆಯೇ, ಕಣ್ಣಿಗೆ ಏನಾದರೂ ಬೇರೆ ಬಣ್ಣ ಕಾಣುತ್ತದೆಯೇ ಎಂದು ಕೇಳಬೇಕು. ಅದನ್ನು ರೋಗಿಯೇ ಹೇಳಬೇಕಷ್ಟೆ." ಆ ತಂದೆಯ ಪ್ರಶ್ನೆಗೆ ಉತ್ತರ ಇದಕ್ಕಿಂತ ಚೆನ್ನಾಗಿ ನಮಗೆ ಹೇಳಲು ಬರುತ್ತಿರಲಿಲ್ಲ. ಅಂಕೆ ಬಾಯಿಪಾಠವಿರಬೇಕು, ಅದರೊಡನೆ ಕೇಳುವ ಕಿವಿಯೂ ಇರಬೇಕು. ಮುಂದಿನ ವಾರ ಪರೀಕ್ಷೆ ಬರೆಯಲಿರುವ ಎಲ್ಲರಿಗೂ ಈ ಅಂಕಣದ ಮೂಲಕ ಶುಭ ಕೋರುತ್ತೇವೆ.